ಕೋಟೆಯ ಮೇಲಿನ ಕಡಲೆಕಾಯಿ

ಮೊನ್ನೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಹುರಿದ ಕಡಲೆಕಾಯಿಯ ವಾಸನೆ ಮೂಗಿಗೆ ಬಡಿಯಿತು. ಪಾವಗಡದ ಕಡೆಯ ಹೆಂಗಸೊಬ್ಬಳು ಬಾಣಲೆಯ ಮರಳಿನಲ್ಲಿ ಕಾಯಿ ಹೊರಳಿಸುತ್ತಿದ್ದಳು. "ಬಿಸಿ ಐತೆ, ತಗಳಮ್ಮ" ಎಂದಳು. ಯಾರಿಗಾದರೂ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಇಷ್ಟು ವರ್ಷವಾದರೂ ಅದು ಸೇರುವುದಿಲ್ಲ. ಮುಖ ತಿರುಗಿಸಿದೆ. ಎದುರಿಗೆ ಬೆಟ್ಟ, ಬೆಟ್ಟದ ಮೇಲೆ ಕೋಟೆ... ಮೇಷ್ಟ್ರು ನೆನಪಾದರು.

ಆಗ ಮಹಾರಾಜರ ಕಾಲ. ನಾನು ಕೊರಟಗೆರೆಯಿಂದ ಮದುವೆಯಾಗಿ ಮಧುಗಿರಿಗೆ ಬಂದವಳು. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹಿಂದಿನ ಬೀದಿಯಲ್ಲಿ ಮೇಷ್ಟ್ರ ಮನೆ. ಊರಿನ ವಾಚನಾಲಯಕ್ಕೆ ಹೆಂಗಸರು ಕಾಲಿಡುವ ರೂಢಿ ಇರಲಿಲ್ಲ. ಅಲ್ಲಿನ ಪುಸ್ತಕಗಳನ್ನು ತಮ್ಮ ಹೆಸರಿನಲ್ಲಿ ಪಡೆದು, ಕೊಡೆಯ ಜೊತೆ ಕಂಕುಳಲ್ಲಿ ಇರುಕಿಕೊಂಡು ನನಗೆ ತಂದುಕೊಡುತ್ತಿದ್ದವರು ಈ ಮೇಷ್ಟ್ರು.

ಅವರು ತರುತ್ತಿದ್ದದ್ದು ಹೆಚ್ಚಾಗಿ ಐತಿಹಾಸಿಕ ಕಾದಂಬರಿಗಳು. ಹಿಂತಿರುಗಿಸುವಾಗ ಪರೀಕ್ಷೆ ಬೇರೆ. ಚೆನ್ನಾಗಿದೆ ಎಂದರೆ ಸಾಲದು. "ಆ ರಾಣಿ ಅಷ್ಟು ಅತ್ತಳಲ್ಲ, ಅವತ್ತು ಅವಳ ಮನೆ ಒಲೆ ಹಚ್ಚಿದ್ಯಾರು? ಅದನ್ನ ಹೇಳವ್ನಾ ಬರೆದೋನು?" ಎಂದು ಕೇಳುತ್ತಿದ್ದರು. ಮತ್ತೆ ಪುಟ ತಿರುವಿ ಹುಡುಕುತ್ತಿದ್ದೆ. ಇರುತ್ತಿರಲಿಲ್ಲ. ಆ ರಾಜರಾಣಿಯರು ಪುಟಗಟ್ಟಲೆ ಮಾತಾಡುತ್ತಿದ್ದರೇ ಹೊರತು ಒಂದು ತುತ್ತು ತಿನ್ನುತ್ತಿರಲಿಲ್ಲ. ಓದುವುದೆಂದರೆ ಕಥೆಯ ಅಡುಗೆಮನೆಗೆ ಹೊಕ್ಕು ನೋಡುವುದು ಎಂದು ನಾನು ಕಲಿತದ್ದು ಅವರಿಂದಲೇ. ಅವರ ಮೇಲೆ ಸಿಟ್ಟಿದೆ ಎಂದು ಅದನ್ನು ಇಲ್ಲವೆನ್ನಲಾರೆ.

ಆಮೇಲೆ ನಾನೇ ಒಂದು ಕಾದಂಬರಿ ಬರೆಯಲು ಕೂತೆ. ಪಾಳೆಯಗಾರರ ಕಾಲದಲ್ಲಿ ನಮ್ಮ ಬೆಟ್ಟದ ಕೋಟೆಗೆ ಮುತ್ತಿಗೆ ಬಿದ್ದ ಕಥೆ. ಬರೆದಷ್ಟನ್ನು ಮೇಷ್ಟ್ರ ಜಗಲಿಯಲ್ಲಿ ಕೂತು ಅವರಿಗೆ ಓದುತ್ತಿದ್ದೆ. ಮುತ್ತಿಗೆಯ ಅಧ್ಯಾಯದಲ್ಲಿ ಕಾವಲಿನ ಆಳುಗಳು ಗೋಡೆಯ ಮೇಲೆ ಈಟಿ ಹಿಡಿದು ಕೂತಿದ್ದರು, ಅಷ್ಟೆ.

"ಸುಮ್ಕೆ ಕೂರಿಸಬ್ಯಾಡ ಕಣಮ್ಮ. ಹೊಟ್ಟೆಗೇನು ಮಣ್ಣು ತಿಂದ್ರಾ? ಮಡಿಲಾಗೆ ಒಂದಿಷ್ಟು ಕಡ್ಲೇಕಾಯಿ ಹಾಕು. ಸಿಪ್ಪೆ ಕೆಳಕ್ಕೆ ಬೀಳ್ಲಿ. ಆಗ ನೋಡು ಹೆಂಗೆ ಜೀವ ಬತ್ತದೆ!"

ಹಾಕಿದೆ. ನಿಜವಾಗಿಯೂ ಜೀವ ಬಂತು. ಆಳುಗಳು ಬಿಡಿಸಿ ಎಸೆದ ಸಿಪ್ಪೆ ಗಾಳಿಗೆ ಹಾರಿ ಶತ್ರುವಿನ ಡೇರೆಗಳ ಕಡೆ ಹೋಗುವ ಅರ್ಧ ಪುಟ ಬರೆದೆ. ಅದನ್ನು ಓದಿದಾಗ ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು...

ಪುಸ್ತಕ ಅಚ್ಚಾಯಿತು. ಹೆಂಡತಿ ಕಾದಂಬರಿ ಬರೆದದ್ದು ಯಜಮಾನರಿಗೆ ಅರ್ಧ ಹೆಮ್ಮೆ, ಅರ್ಧ ಮುಜುಗರ. "ಮೇಷ್ಟ್ರು ನೋಡವ್ರೆ ಅಂದ್ಮೇಲೆ ಸರಿ" ಎಂದು ಒಪ್ಪಿದ್ದರು. ಸಿರಾದ ಸುಬೇದಾರರ ಕಾಲದ ಇನ್ನೊಂದು ಕಾದಂಬರಿಯನ್ನು ನಾನು ಆಗಲೇ ಅರ್ಧ ಬರೆದಿದ್ದೆ. ಮೊದಲನೆಯದು ಮರ್ಯಾದೆಯಾಗಿ ಪಾರಾದರೆ ಮಾತ್ರ ಎರಡನೆಯದಕ್ಕೆ ಮನೆಯಲ್ಲಿ ಅಪ್ಪಣೆ. ನನ್ನ ಬರವಣಿಗೆಯ ಹಣೆಬರಹ ಅಷ್ಟರ ಮೇಲೆ ನಿಂತಿತ್ತು.

ಒಂದು ಸಂಜೆ ಯಜಮಾನರು ಕಚೇರಿಯಿಂದ ಬಂದವರೇ ಕರವಸ್ತ್ರ ಬಿಚ್ಚಿ ನನ್ನ ಮುಂದೆ ಸುರಿದರು. ಕಡಲೆಕಾಯಿ! ಜೊತೆಯವರು ಅವರ ಮೇಜಿನ ಮೇಲೆ ರಾಶಿ ಹಾಕಿ ನಕ್ಕಿದ್ದರಂತೆ. "ತಗೋ, ನಿನ್ನ ಸೈನ್ಯದ ಊಟ. ಇನ್ನು ಸಾಕು ಬುಡು" ಎಂದು ಪತ್ರಿಕೆಯೊಂದನ್ನು ಎಸೆದು ಒಳಗೆ ಹೋದರು.

ಅದರಲ್ಲಿ ನನ್ನ ಪುಸ್ತಕದ ವಿಮರ್ಶೆ ಇತ್ತು. ಕಡಲೆಕಾಯಿ ಸಮುದ್ರ ದಾಟಿ ನಮ್ಮ ಸೀಮೆಗೆ ಬಂದದ್ದು ತೀರ ಈಚೆಗೆ, ಆ ಪಾಳೆಯಗಾರರ ಮೊಮ್ಮಕ್ಕಳು ಕೂಡ ಅದರ ಮುಖ ಕಂಡಿರಲಿಲ್ಲ ಎಂದಿತ್ತು. ಕಾಲದ ಅರಿವಿಲ್ಲದ ಲೇಖಕಿ ಅಡುಗೆಮನೆಯಲ್ಲಿ ಕೂತು ಇತಿಹಾಸ ಬರೆದಿದ್ದಾರೆ ಎಂದೂ ಇತ್ತು. ಕೆಳಗೆ ಮೇಷ್ಟ್ರ ಹೆಸರು.

ಎರಡು ಸಲ ಓದಿದೆ. ತಪ್ಪು ತಪ್ಪೇ, ಅದನ್ನು ತೋರಿಸುವುದು ವಿಮರ್ಶಕನ ಕೆಲಸ. ನಾನೂ ಆಮೇಲೆ ಎಷ್ಟೋ ಪುಸ್ತಕಗಳಿಗೆ ಆ ಕೆಲಸ ಮಾಡಿದ್ದೇನೆ. ಆದರೆ ಹಿಂದಿನ ಬೀದಿಯಿಂದ ನಡೆದು ಬಂದು, "ನಾವಿಬ್ಬರೂ ಎಡವಿದ್ವಿ ಕಣಮ್ಮ" ಎನ್ನಬಹುದಿತ್ತಲ್ಲ? ಅಡುಗೆಮನೆಗೆ ಹೊಕ್ಕು ನೋಡು ಎಂದವರೇ ಅದನ್ನು ಬೈಗುಳ ಮಾಡಿಬಿಟ್ಟರಲ್ಲ?

ಮರುದಿನವೇ ಹೋದೆ. ಮೇಷ್ಟ್ರು ಅದೇ ಜಗಲಿಯಲ್ಲಿದ್ದರು.

"ಕಡ್ಲೇಕಾಯಿ ಹಾಕು ಅಂದವರು ನೀವೇ ಅಲ್ವಾ ಮೇಷ್ಟ್ರೇ?"

ಅವರು ನನ್ನ ಮುಖ ನೋಡಲಿಲ್ಲ. "ನಾನಾ? ಇಲ್ಲ ಕಣಮ್ಮ. ನಾನ್ಯಾಕೆ ಅಂಗಂತೀನಿ? ಅಂದಿದ್ದಕ್ಕೆ ಸಾಕ್ಷಿ ಏನೈತೆ?"

ಓದಿದ ಪುಸ್ತಕದ ಸಾಲು ಸಾಲನ್ನೂ ನೆನಪಿಟ್ಟುಕೊಳ್ಳುತ್ತಿದ್ದ ಮನುಷ್ಯ. ಮರೆತಿರಲಿಲ್ಲ, ನನಗೆ ಗೊತ್ತು. ಗುಟ್ಟು ಆಮೇಲೆ ತಿಳಿಯಿತು. ಈ ಹೆಂಗಸಿಗೆ ಬರೆದುಕೊಟ್ಟವರು ಮೇಷ್ಟ್ರೇ ಎಂದು ವಾಚನಾಲಯದಲ್ಲಿ ಮಾತಾಗಿತ್ತಂತೆ. ಯಾರಾದರೂ ಪಂಡಿತರು ತಪ್ಪು ಕಂಡುಹಿಡಿದರೆ ತಮ್ಮ ತಲೆಗೆ ಬರುತ್ತದೆ ಎಂದು ಹೆದರಿದರು. ಅದಕ್ಕೇ ಮೊದಲೇ ಕೈ ತೊಳೆದುಕೊಂಡರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಕ್ಷಮಿಸಲು ಮಾತ್ರ ಆಗಲಿಲ್ಲ.

ಸಿರಾದ ಕಾದಂಬರಿ ಅಟ್ಟ ಸೇರಿತು. ಬಹಳ ವರ್ಷಗಳ ಮೇಲೆ ಮತ್ತೆ ಬರೆಯುವ ಧೈರ್ಯ ಬಂದು ಇಳಿಸಿ ನೋಡಿದರೆ ಗೆದ್ದಲು ತಿಂದಿತ್ತು. ಬೇರೆ ಕಾದಂಬರಿಗಳನ್ನು ಬರೆದೆ, ಅದೊಂದು ಮಾತ್ರ ಮತ್ತೆ ಕೈಗೆ ಬರಲಿಲ್ಲ. ಮಹಾರಾಜರ ಆಳ್ವಿಕೆ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ನಾನು ನೋಡಲು ಹೋಗಲಿಲ್ಲ. ಹೋಗಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಆದರೆ ಹೊಸದೇನಾದರೂ ಓದಿ ಮುಗಿಸಿದಾಗ, ಅಲ್ಲಿ ಒಲೆ ಹಚ್ಚಿದ್ಯಾರು ಎಂದು ಕೇಳುವವರಿಲ್ಲವಲ್ಲ ಎಂದು ಸಂಕಟವಾಗುತ್ತದೆ...

ಆ ಮೊದಲ ಕಾದಂಬರಿ ಈಗ ಮತ್ತೆ ಅಚ್ಚಾಗುತ್ತಿದೆ. ಮೊನ್ನೆ ಮಧುಗಿರಿಗೆ ಹೋದದ್ದೂ ಮುಖಪುಟಕ್ಕೆ ಕೋಟೆಯ ಚಿತ್ರ ತೆಗೆಸಲೆಂದೇ. ಜೊತೆಗಿದ್ದ ಪ್ರಕಾಶಕರು ಬಾಣಲೆ ನೋಡಿ ನಕ್ಕು, "ಆ ಕಡಲೆಕಾಯಿ ತೆಗೆದು ಹುರುಳಿಕಾಳು ಮಾಡಿಬಿಡೋಣವೇ ಅಮ್ಮ? ಮತ್ತೆ ಯಾಕೆ ಬೈಸಿಕೊಳ್ಳುವುದು?" ಎಂದು ಕೇಳಿದರು.

ಬೇಡ ಎಂದೆ. ಬೈದರೆ ಬೈಯಲಿ. ಮೇಷ್ಟ್ರು ಸಾಕ್ಷಿ ಕೇಳಿದ್ದರಲ್ಲ, ಸಿಪ್ಪೆ ಹಾರುವ ಆ ಅರ್ಧ ಪುಟವೇ ಸಾಕ್ಷಿ. ಅವರು ತೊಡೆ ತಟ್ಟಿಕೊಂಡು ನಕ್ಕದ್ದೂ ಅಲ್ಲೇ ಇದೆ. ಬೇರೆಲ್ಲೂ ಉಳಿದಿಲ್ಲ.