ಗೊಜ್ಜಿನೊಳಗಿನ ಮೂರು ಬೀಜ

ಎಲೆಯುತೇರಿಯೊ ಬೋರ್ಕೆಸ್ ಹತ್ತೊಂಬತ್ತು ವರ್ಷಗಳಿಂದ ನಮ್ಮ ಗಡಿಯೂರು ನೊಗಾಲೆಸ್ಸಿನ ಜನರನ್ನು ತನ್ನ ವ್ಯಾನಿನಲ್ಲಿ ಗಡಿಯಾಚೆಯ ಟೂಸಾನ್ ನಗರಕ್ಕೆ ಕರೆದೊಯ್ಯುತ್ತಿದ್ದಾನೆ. ಈ ಕಸುಬು ನಿಂತಿರುವುದು ಎಂಜಿನ್ನಿನ ಮೇಲಲ್ಲ, ಗಡಿ ದಾಟುವ ಕಾರ್ಡಿನ ಮೇಲೆ. ತಪಾಸಣೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕಾರ್ಡು ಹೋದಂತೆಯೇ. ಆದ್ದರಿಂದ ತಪಾಸಣೆಯ ಗೂಡು ಇನ್ನು ನಾಲ್ಕು ಕಾರಿನಷ್ಟು ದೂರವಿರುವಾಗಲೇ ಅವನು ರೇಡಿಯೊ ಆರಿಸಿ ಒಬ್ಬೊಬ್ಬರನ್ನೂ ವಿಚಾರಿಸುತ್ತಾನೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಈ ಶಿಸ್ತು ಮೆಚ್ಚುಗೆ. ಉಳಿದ ಚಾಲಕರು ಕನ್ನಡಿಗೆ ಜಪಮಾಲೆ ತೂಗುಹಾಕಿ ಸುಮ್ಮನಾಗುತ್ತಾರೆ.

ಆ ಶನಿವಾರ ವ್ಯಾನಿನಲ್ಲಿ ಪ್ರಯಾಣಿಕರೆಂದರೆ ನಾನು ಮತ್ತು ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಅಜ್ಜಿ ಒಬ್ದೂಲಿಯಾ ಇಬ್ಬರೇ. ಮೊಮ್ಮಗಳ ನಾಮಕರಣಕ್ಕೆ ಹೊರಟಿದ್ದ ಆಕೆಯ ತೊಡೆಯ ಮೇಲೆ ಬಟ್ಟೆ ಕಟ್ಟಿದ ದೊಡ್ಡ ಪಾತ್ರೆಯಿತ್ತು.

"ದೋನ್ಯಾ, ಅದ್ರಲ್ಲೇನಿದೆ?" ಗೂಡು ಹತ್ತಿರವಾದಾಗ ಎಲೆಯುತೇರಿಯೊ ಕೇಳಿದ.

"ಬೆಣ್ಣೆಹಣ್ಣಿನ ಗೊಜ್ಜು."

"ಬೀಜ ಇರೋ ಹಣ್ಣು ಆ ಕಡೆ ಬಿಡಲ್ಲ, ಗೊತ್ತಲ್ವಾ?"

"ನಂಗೇ ಪಾಠ ಹೇಳ್ತೀಯೇನಪ್ಪಾ? ಒಂದೊಂದೇ ಹಣ್ಣು ಬಿಡಿಸಿ ಬೀಜ ತೆಗ್ದಿದೀನಿ. ನೀನಿನ್ನೂ ಚಡ್ಡಿ ಹಾಕ್ತಿದ್ದಾಗಿಂದ ಈ ಗಡಿ ದಾಟ್ತಿದೀನಿ."

ಗೂಡಿನ ಅಧಿಕಾರಿ ಹಣ್ಣು, ಬೀಜ, ಮಾಂಸವೇನಾದರೂ ಇದೆಯೇ ಎಂದು ಕೇಳಿದ. ಎಲೆಯುತೇರಿಯೊ ನಿಶ್ಚಿಂತೆಯಿಂದ ಇಲ್ಲವೆಂದ. ಅಧಿಕಾರಿ ಪಾತ್ರೆಯತ್ತ ಕೈ ಚಾಚಿದ.

"ತುಂಬ ಹೊತ್ತು ತೆರೆದಿಡ್ಬೇಡಿ ಸ್ವಾಮಿ," ಎಂದರು ದೋನ್ಯಾ. "ಬೀಜ ಹಾಕಿರೋದಕ್ಕೇ ಇನ್ನೂ ಹಸಿರಾಗಿದೆ."

"ಬೀಜ?"

"ಮೂರೇ ಮೂರು. ಕಪ್ಪಾಗ್ಬಾರ್ದು ಅಂತ."

ನಮ್ಮೂರಿನ ಎಲ್ಲ ಅಡುಗೆಮನೆಗಳಲ್ಲೂ ಇದೇ ರೂಢಿ: ಹಣ್ಣಿನಿಂದ ತೆಗೆದ ಬೀಜವನ್ನು ಗೊಜ್ಜಿನಲ್ಲಿ ಹುದುಗಿಸುತ್ತಾರೆ. ಆಮೇಲೆ ಅದು ಬೀಜವಲ್ಲ, ಉಪ್ಪಿನಂತೆ ಅಡುಗೆಯದೇ ಒಂದು ಭಾಗ. ಎಲೆಯುತೇರಿಯೊ ಸೀಟಿನಲ್ಲಿ ಗರ್ರನೆ ಹಿಂದೆ ತಿರುಗಿದ. ಅವನ ಕಾರ್ಡನ್ನು ತಡೆಹಿಡಿದು ನಮ್ಮನ್ನು ಎರಡನೆಯ ತಪಾಸಣೆಗೆ ಕಳುಹಿಸಿದರು.

ಅಲ್ಲಿದ್ದ ಹಿರಿಯ ಅಧಿಕಾರಿಣಿ ಬೀಜಗಳನ್ನು ಇಕ್ಕಳದಲ್ಲಿ ಎತ್ತಿ ಚೀಲಕ್ಕೆ ಹಾಕಿದಳು. "ಚಾಲಕ ಇಲ್ಲ ಅಂದಿದಾನೆ. ಮತ್ತೆ ಇದನ್ನ ಹುಡುಕಿದ್ದು ಯಾರು?"

"ಹುಡುಕೋದೇನು, ನಾನೇ ಹೇಳ್ದೆ," ಎಂದರು ದೋನ್ಯಾ.

"ಕಟ್ಟಿದ ಬಟ್ಟೆ ತೆಗೆಯೋಕೆ ಮುಂಚೆನಾ?"

"ಮುಂಚೆನೇ. ತೆಗೆದ್ರೆ ಕಪ್ಪಾಗುತ್ತಲ್ಲ."

ಬೀಜ ತಡೆಯುವುದು ತನ್ನ ಕೆಳಗಿನ ಗೊಜ್ಜಿಗೆ ಗಾಳಿ ತಾಗುವುದನ್ನಷ್ಟೇ, ಸುತ್ತಲಿನ ಗೊಜ್ಜಿಗೆ ಅದರಿಂದ ಏನೂ ಆಗದು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಎಲೆಯುತೇರಿಯೊ ನನ್ನ ಪಾದ ತುಳಿದ. ಅಧಿಕಾರಿಣಿ ಗೂಡಿನವನಿಗೆ ಫೋನು ಮಾಡಿ ವಿಚಾರಿಸಿದಳು. ಬಳಿಕ "ಪ್ರಯಾಣಿಕರೇ ತಿಳಿಸಿದ್ದಾರೆ" ಎಂದು ಬರೆದು, ತೆರೆಯುವ ಮುಂಚೆಯೇ ಹೇಳಿದ್ದರಿಂದ ಇದು ಸುಳ್ಳಿನ ಲೆಕ್ಕಕ್ಕೆ ಬರದೆಂದು ಕಾರ್ಡನ್ನೂ ಬೀಜವಿಲ್ಲದ ಗೊಜ್ಜನ್ನೂ ಹಿಂದಿರುಗಿಸಿದಳು.

ಸ್ವಲ್ಪ ದೂರ ಹೋದ ಮೇಲೆ ಅವನು ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ.

"ಯಾಕಪ್ಪ ನಿಲ್ಲಿಸ್ದೆ?"

"ಕಾರ್ಡು ಹೋಗೇಬಿಡ್ತು ಅಂದ್ಕೊಂಡಿದ್ದೆ, ದೋನ್ಯಾ. ಮೇಷ್ಟ್ರೇ, ಸ್ವಲ್ಪ ಹೊತ್ತು ನೀವು ಓಡಿಸ್ತೀರಾ?"

"ನಂಗೆ ಬರಲ್ಲ," ಎಂದೆ.

"ಇಷ್ಟೆಲ್ಲ ಓದಿ ಅದೂ ಬರಲ್ವಾ," ಎಂದ ದೋನ್ಯಾ ಚೀಲದಿಂದ ರೊಟ್ಟಿಯೊಂದನ್ನು ತೆಗೆದು, ದಪ್ಪಗೆ ಗೊಜ್ಜು ಸವರಿ ಅವನ ಕೈಗಿಟ್ಟರು. "ತಿನ್ನು. ಬೀಜ ಬೇರೆ ಕಿತ್ಕೊಂಡಿದಾರೆ, ಕಪ್ಪಾಗೋದ್ರೊಳಗೆ ತಿನ್ನು."