ಮಾವ ಹಾಕಿದ ಬಚ್ಚಲ ಕಲ್ಲು

೧೯೪೬ನೇ ಇಸವಿ. ಯುದ್ಧ ಮುಗಿದಿತ್ತು, ಆದರೆ ಸೀಮೆಎಣ್ಣೆಗೆ ಸಾಲುಗಟ್ಟಿ ನಿಲ್ಲುವುದು ಇನ್ನೂ ಮುಗಿದಿರಲಿಲ್ಲ. ಆ ವರ್ಷದ ವೈಶಾಖದಲ್ಲಿ ನನ್ನ ಮದುವೆಯಾಯಿತು. ದೇವನಹಳ್ಳಿ ಹತ್ತಿರದ ನಲ್ಲೂರಿನಿಂದ ತೂಬಗೆರೆ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದೆ. ಆಗ ನನಗೆ ಹದಿನೆಂಟು ವರ್ಷ. ಬಾಯಿ ಜೋರು ಎಂದು ತವರಿನಲ್ಲಿ ಹೆಸರು ಮಾಡಿದ್ದವಳು. "ಅಲ್ಲಿ ಹೋಗಿ ಬಾಯಿ ಬಿಡಬ್ಯಾಡ ಕಣೇ" ಎಂದು ಅಮ್ಮ ಹೇಳಿ ಕಳಿಸಿದ್ದಳು. ಸುಮಾರು ಎರಡು ತಿಂಗಳು ಬಿಡದೆ ಇದ್ದೆ. ಆಮೇಲೆ ಬಿಟ್ಟದ್ದರ ಕಥೆ ಇದು.

ಮಾವನವರದು ಬೇಸಾಯದ ಮನೆತನ. ಮನೆ ದೊಡ್ಡದು, ಮಣ್ಣಿನ ಗೋಡೆ, ನಾಡಹೆಂಚಿನ ಸೂರು. ಮದುವೆಯ ನೆಪದಲ್ಲಿ ಮನೆಗೆಲ್ಲ ಸುಣ್ಣ ಬಳಿದು, ಬಚ್ಚಲಿಗೆ ಹೊಸ ಚಪ್ಪಡಿ ಕಲ್ಲು ಹಾಕಿಸಿದ್ದರು. ಹಾಕಿಸಿದ್ದರು ಎಂದರೆ ಮಾವನಿಗೆ ಅನ್ಯಾಯವಾಗುತ್ತದೆ. ಸ್ವತಃ ತಾವೇ ನಿಂತು, ಬಗ್ಗಿ, ಬೆವರು ಸುರಿಸಿ ಹಾಕಿದ್ದರು. ಮದುವೆಗೆ ಬಂದ ನೆಂಟರನ್ನೆಲ್ಲ ಬಚ್ಚಲಿಗೆ ಕರೆದುಕೊಂಡು ಹೋಗಿ ಒಂದು ಚೊಂಬು ನೀರು ಸುರಿದು ತೋರಿಸುತ್ತಿದ್ದರಂತೆ. "ಮೊದ್ಲು ಇಲ್ಲಿ ಯಾವಾಗ್ಲೂ ನೀರು ನಿಂತಿರ್ತಿತ್ತು. ಈಗ ನೋಡಿ, ಒಂದು ತೊಟ್ಟು ನಿಲ್ಲಲ್ಲ." ನಿಜಕ್ಕೂ ನಿಲ್ಲುತ್ತಿರಲಿಲ್ಲ. ನಮ್ಮಪ್ಪನೂ ಆ ಕಲ್ಲನ್ನು ಬಾಯಿ ತುಂಬ ಹೊಗಳಿ ಬಂದಿದ್ದ. ಆ ಬಚ್ಚಲಿನ ಗೋಡೆಗೆ ಅಂಟಿಕೊಂಡೇ ಆಚೆ ಕಡೆ ಅತ್ತೆ ಮಲಗುವ ಕೋಣೆ.

ನಾನು ಬಂದು ತಿಂಗಳಾಗುವುದರೊಳಗೆ ಅತ್ತೆಗೆ ಕೆಮ್ಮು ಹಿಡಿಯಿತು. ಮೊದಮೊದಲು ಗಂಟಲು ಕೆರೆತ ಎಂದರು. ಆಮೇಲೆ ಎದೆ ಕಟ್ಟಿತು, ಉಸಿರು ಎಳೆದರೆ ಗೊರಗೊರ ಸದ್ದು. ಮೆಣಸಿನ ಕಷಾಯ ಆಯಿತು, ದೊಡ್ಡಬಳ್ಳಾಪುರದ ಪಂಡಿತರ ಪುಡಿ ಆಯಿತು. ಥಂಡಿ ತಾಗಬಾರದೆಂದು ಕೋಣೆಯ ಕಿಟಕಿ ಮುಚ್ಚಿದರು. ಗೋಡೆ ತಣ್ಣಗಿದೆ ಎಂದು ಅದಕ್ಕೊಂದು ಕಂಬಳಿ ತೂಗುಹಾಕಿದರು. ದಿನಕ್ಕೆರಡು ಸಲ ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ ಬೇರೆ. ಹಂಡೆ ತುಂಬಿಸುವುದು, ಒಲೆ ಉರಿಸುವುದು, ಅತ್ತೆಯ ಬೆನ್ನಿಗೆ ನೀರು ಹೊಯ್ಯುವುದು ನನ್ನ ಕೆಲಸ. ಕೆಮ್ಮು ಜಾಸ್ತಿಯಾದಷ್ಟೂ ನೀರು ಜಾಸ್ತಿ ಹೊಯ್ದೆವು. ನೀರು ಜಾಸ್ತಿಯಾದಷ್ಟೂ ಕೆಮ್ಮು ಜಾಸ್ತಿಯಾಗುತ್ತಿದೆ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅತ್ತೆಯನ್ನು ನೋಡಲು ಅವರ ಅಕ್ಕ ಹೊಸಕೋಟೆಯಿಂದ ಬಂದರು. ಒಂದು ಬೆಳಗ್ಗೆ ನಾನು ಹಜಾರದಲ್ಲಿ ರಾಗಿ ಬೀಸುತ್ತಿದ್ದೆ. ಕೋಣೆಯೊಳಗೆ ಅಕ್ಕತಂಗಿಯರ ಮಾತು ನಡೆದಿತ್ತು.

"ಮಗನ ಮದುವೆಗೆ ಮುಂಚೆ ಗುಂಡುಕಲ್ಲಿನಂಗಿದ್ದೆ ನೀನು. ಇವಳು ಹೊಸಿಲು ದಾಟಿದ ಮೇಲೆ ಹಿಂಗಾಗಿದ್ದೀಯ. ಮೊನ್ನೆ ನಮ್ಮನೆಗೆ ಬಂದು ನಾಲ್ಕು ದಿನ ಇದ್ಯಲ್ಲ, ಒಂದು ಸಲನಾದ್ರೂ ಕೆಮ್ಮಿದ್ಯಾ? ಅವಳ ನೆರಳು ತಪ್ತು, ಕೆಮ್ಮೂ ತಪ್ತು. ಕಾಲ್ಗುಣ ಅಂದ್ರೆ ಇದೇಯ."

ಅತ್ತೆ, "ಈಗೇನು ಮಾಡಾದು ಅಕ್ಕಯ್ಯ?" ಎಂದರು.

"ಆಷಾಢಕ್ಕೆ ಹೆಂಗೂ ತವರಿಗೆ ಕಳಿಸ್ತೀಯ. ಶ್ರಾವಣಕ್ಕೆ ಕರೆಸ್ಬ್ಯಾಡ, ಅಷ್ಟೇ."

ಅತ್ತೆ ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕೆಮ್ಮಿದರು.

ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗುವುದು ಎಲ್ಲರ ಮನೆಯ ಪದ್ಧತಿ. ಹೋದವಳನ್ನು ಕರೆಸದೇ ಇದ್ದರೆ ಅವಳ ಬಾಳು ಮುಗಿದ ಹಾಗೆಯೇ. ಆಷಾಢಕ್ಕೆ ಇನ್ನು ಹನ್ನೆರಡೇ ದಿನ ಉಳಿದಿತ್ತು. ನಮ್ಮ ಯಜಮಾನರ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆ. "ಅಮ್ಮ ಹಂಗೆಲ್ಲ ಮಾಡಲ್ಲ ಬಿಡು" ಎಂದು ನೇಗಿಲು ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋದರು. ಒಳ್ಳೆಯ ಮನುಷ್ಯ, ಆದರೆ ಅಮ್ಮನ ಮುಂದೆ ತುಟಿ ಬಿಚ್ಚುವವರಲ್ಲ.

ಕಣ್ಣೊರೆಸಿಕೊಂಡು ಸಾರಿಗೆ ಕೆಸುವಿನ ಸೊಪ್ಪು ಕೊಯ್ಯಲು ಹಿತ್ತಲಿಗೆ ಹೋದೆ. ಬಚ್ಚಲ ಮೋರಿಯ ಬಾಯಿಗೆ ನೆಟ್ಟಿದ್ದ ಕೆಸುವದು. ಯಾವ ಕಾಲದಲ್ಲೂ ಸೊಕ್ಕಿ ನಿಂತಿರಬೇಕಾದ ಗಿಡ ಒಣಗಿ ಮುದುಡಿಕೊಂಡಿತ್ತು. ಆ ವರ್ಷ ಮಳೆಯೂ ತಡವಾಗಿತ್ತು. ಮೋರಿಯೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಧೂಳು. ನಾನು ಅವತ್ತು ಬೆಳಗ್ಗೆಯೇ ಒಂದು ಹಂಡೆ ನೀರು ಹೊಯ್ದಿದ್ದೆ. ಅಷ್ಟೂ ನೀರು ಎಲ್ಲಿಗೆ ಹೋಯಿತು ಎಂದು ನಿಂತಲ್ಲೇ ಯೋಚನೆ ಮಾಡಿದೆ.

ಮಧ್ಯಾಹ್ನ ಅಕ್ಕತಂಗಿಯರು ಊಟಕ್ಕೆ ಕೂತಿದ್ದಾಗ ಮೆಲ್ಲಗೆ ಕೋಣೆಗೆ ಹೋಗಿ ಗೋಡೆಯ ಕಂಬಳಿ ಎತ್ತಿದೆ. ಗಪ್ಪೆಂದು ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹೊಸ ಸುಣ್ಣವೆಲ್ಲ ಉದುರಿ, ಅತ್ತೆ ತಲೆ ಇಡುವ ಕಡೆ ಗೋಡೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಬುಡದಲ್ಲಿ ಸಣ್ಣ ಸಣ್ಣ ಅಣಬೆ ಎದ್ದಿದ್ದವು. ಬೆರಳು ಒತ್ತಿ ನೋಡಿದೆ, ಬೆರಳು ಒಳಗೇ ಹೋಯಿತು. ಎರಡು ನಿಮಿಷ ನಿಂತಿದ್ದಕ್ಕೆ ನನಗೇ ಕೆಮ್ಮು ಬಂತು.

ಆಗ ಅರ್ಥವಾಯಿತು. ಮಾವನ ಕಲ್ಲು ಮೋರಿಯ ಕಡೆಗಲ್ಲ, ಗೋಡೆಯ ಕಡೆಗೆ ವಾಲಿತ್ತು. ನೀರೆಲ್ಲ ಕಲ್ಲಿನ ಸಂದಿಯಿಂದ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಕಲ್ಲು ಬಂದದ್ದೂ ನಾನು ಬಂದದ್ದೂ ಒಂದೇ ವಾರದಲ್ಲಿ. ತಪ್ಪು ಮಾತ್ರ ನನ್ನ ತಲೆಗೆ ಬಂದಿತ್ತು.

ಹೇಳುವುದು ಹೇಗೆ? ಸೊಸೆ ಮಾವನ ಎದುರು ನಿಂತು ಮಾತನಾಡುವ ಹಾಗಿರಲಿಲ್ಲ. ಮಾವ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಕಂಬದ ಮರೆಯಲ್ಲಿ ನಿಂತು ಕರುವಿನ ಮೈ ಸವರುತ್ತಾ ಅದಕ್ಕೇ ಹೇಳಿದೆ. "ಕರುವೇ, ನಮ್ಮ ಬಚ್ಚಲ ಮೋರಿ ಒಣಗಿಹೋಗೈತಂತೆ. ನೀರೆಲ್ಲಾ ಅತ್ತೆ ಕೋಣೆ ಗೋಡೆ ಕುಡೀತೈತಂತೆ."

ಮಾವ ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಅವರೂ ಕರುವಿಗೇ ಹೇಳಿದರು. "ಕರುವೇ, ಈ ವರ್ಷ ಹನಿ ಮಳೆ ಬಿದ್ದಿಲ್ಲ. ಗೋಡೆ ಹೆಂಗೆ ನೆನೀತೈತೆ ಅಂತ ಕೇಳು."

"ಮಳೆ ನೀರಲ್ಲವಂತೆ ಕರುವೇ. ಕಲ್ಲು ಗೋಡೆ ಕಡೆಗೆ ವಾಲೈತಂತೆ."

ಕರುವಿನ ಹಂಗು ಅಲ್ಲಿಗೆ ಮುಗಿಯಿತು. ಮಾವ ಧಡಕ್ಕನೆ ಎದ್ದರು. "ನಾನು ಹಾಕಿದ ಕಲ್ಲು ವಾಲೈತಾ? ಎಲ್ಲಾರೂ ಬನ್ನಿ, ಈಗ್ಲೇ ತೋರಿಸ್ತೀನಿ." ಹೊಲದಿಂದ ಆಗತಾನೆ ಬಂದಿದ್ದ ನಮ್ಮ ಯಜಮಾನರನ್ನು ಮೋರಿಯ ಬಾಯಿಗೆ ಕಾವಲು ಕೂರಿಸಿ, ತಾವು ಪಂಚೆ ಎತ್ತಿ ಕಟ್ಟಿ ಬಚ್ಚಲಿಗೆ ನುಗ್ಗಿದರು.

ಊಟ ಮುಗಿಸಿದ ಅತ್ತೆ ಆಗಲೇ ಹೋಗಿ ಮಂಚದ ಮೇಲೆ ಮಲಗಿದ್ದರು. ನನ್ನ ಬೆರಳು ಗೋಡೆಯೊಳಗೆ ಹೋಗಿದ್ದು ನೆನಪಾಗಿ ಕೋಣೆಗೆ ಓಡಿದೆ. "ಅತ್ತೆ, ಬಿಸಿಲಿಗೆ ಬನ್ನಿ, ತಲೆ ಬಾಚ್ತೀನಿ" ಎಂದೆ. "ಬ್ಯಾಡ ಕಣವ್ವ, ಮಲಗಿರ್ತೀನಿ" ಎಂದರು. ಇನ್ನು ಕಾದರೆ ಕೆಟ್ಟೆ ಎಂದು ಕೈ ಹಿಡಿದು ಎಬ್ಬಿಸಿ, ಎಳೆದುಕೊಂಡೇ ಜಗಲಿಗೆ ಹೊರಟೆ. "ನೋಡ್ದ್ಯಾ ಇವಳ ಧೈರ್ಯವ, ಅತ್ತೆನೇ ಎಳ್ಕೊಂಡು ಹೋಗ್ತಾಳೆ" ಎಂದು ಅತ್ತೆಯ ಅಕ್ಕ ಹಿಂದೆಯೇ ಬಂದರು.

ಬಚ್ಚಲಿನಿಂದ ಮಾವನ ಕೂಗು. "ಬಂತೇನ್ಲಾ ನೀರು?"

ಹಿತ್ತಲಿನಿಂದ ಯಜಮಾನರು, "ಇಲ್ಲಪ್ಪ."

"ಈಗ?"

"ಒಂದು ಹನೀನೂ ಇಲ್ಲ."

ಮಾವನಿಗೆ ರೇಗಿತು. ಒಲೆಯ ಮೇಲಿನ ಹಂಡೆಯನ್ನೇ ಬಗ್ಗಿಸಿ ಅಷ್ಟೂ ನೀರನ್ನು ಕಲ್ಲಿನ ಮೇಲೆ ಸುರಿದರು. ಸ್ವಲ್ಪ ಹೊತ್ತಿಗೆ ದೊಪ್ಪೆಂದು ಸದ್ದಾಯಿತು. ಎಲ್ಲರೂ ಕೋಣೆಗೆ ಓಡಿದೆವು. ಗೋಡೆಯ ಕೆಳಭಾಗ ಕುಸಿದು ಅತ್ತೆಯ ಮಂಚದ ಮೇಲೆ ಬಿದ್ದಿತ್ತು. ಮಂಚದ ಒಂದು ಕಾಲು ಮುರಿದಿತ್ತು, ದಿಂಬು ಕೆಸರಿನ ಗುಡ್ಡೆಯ ಕೆಳಗೆ ಸೇರಿತ್ತು. ಗೋಡೆಯಲ್ಲಿ ಬಿದ್ದ ದೊಡ್ಡ ಬಿಲದ ಆಚೆ ಮಾವ ಬಗ್ಗಿ ನಿಂತು, ಒದ್ದೆ ಪಂಚೆಯಲ್ಲಿ, ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿದ್ದರು.

ಅತ್ತೆ ಬಿಲದೊಳಗೆ ಇಣುಕಿ ಹೇಳಿದರು. "ಕಲ್ಲು ಚೆನ್ನಾಗೈತೆ. ನೀರು ಒಂದು ತೊಟ್ಟೂ ನಿಲ್ಲಲಿಲ್ಲ."

ಮೊದಲು ನಕ್ಕವರು ಯಜಮಾನರು. ಆಮೇಲೆ ಬಿಲದ ಆಚೆಯಿಂದ ಮಾವನೂ ನಕ್ಕರು. ಅತ್ತೆ ನಕ್ಕು ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ನಾನು ಮಾತ್ರ ಆ ದಿಂಬನ್ನು ಕೆಸರಿನಿಂದ ಎಳೆದು ತೆಗೆದೆ.

ಅವತ್ತಿನಿಂದ ಅತ್ತೆಯ ಹಾಸಿಗೆ ಪಡಸಾಲೆಗೆ ಬಂತು. ಗೋಡೆಯ ಬುಡವನ್ನು ಮೊಣಕಾಲುದ್ದ ಕಲ್ಲಿನಲ್ಲಿ ಕಟ್ಟಿಸಿದರು. ಚಪ್ಪಡಿಯನ್ನು ಗಾರೆ ಕೆಲಸದವರು ಕಿತ್ತು ಮೋರಿಯ ಕಡೆಗೆ ಇಳಿಜಾರು ಮಾಡಿ ಕೂರಿಸಿದರು. ಮಾವ ಕೈ ಹಾಕಲು ಹೋದಾಗಲೆಲ್ಲ ಅತ್ತೆ, "ನೀವು ದೂರ ನಿಂತು ನೋಡಿ" ಎನ್ನುತ್ತಿದ್ದರು. ಹತ್ತು ದಿನದಲ್ಲಿ ಕೆಮ್ಮು ಮುಕ್ಕಾಲು ಪಾಲು ಇಳಿಯಿತು. ಇವತ್ತಿಗೂ ಮನೆಯಲ್ಲಿ ಯಾರಾದರೂ ಬಿಡದೆ ಕೆಮ್ಮಿದರೆ ನಾನು ಮೊದಲು ಮುಟ್ಟಿ ನೋಡುವುದು ಅವರು ಮಲಗುವ ಗೋಡೆಯನ್ನು. ಮಕ್ಕಳು ನಗುತ್ತಾರೆ, ನಗಲಿ.

ಗೋಡೆ ಬಿದ್ದರೂ ಅತ್ತೆಯ ಅಕ್ಕನ ಮಾತು ಬೀಳಲಿಲ್ಲ. "ಆಷಾಢ ಹತ್ರ ಬಂತಲ್ಲ, ಇವಳು ಹೊರಡೋ ಕಾಲ. ಅದಕ್ಕೇ ಕೆಮ್ಮು ಇಳೀತೈತೆ" ಎಂದರು. ನಾನು ತವರಿಗೆ ಹೊರಟ ದಿನ ಅತ್ತೆ ಕುಂಕುಮ ಇಟ್ಟರು, ಮಡಿಲಿಗೆ ಹುರಿಹಿಟ್ಟು ಕಟ್ಟಿ ಕೊಟ್ಟರು. ಯಾವಾಗ ಕರೆಸುತ್ತೇವೆ ಎಂದು ಮಾತ್ರ ಹೇಳಲಿಲ್ಲ. ನಲ್ಲೂರಿನಲ್ಲಿ ಆ ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಅಮ್ಮನಿಗೂ ಏನೂ ಹೇಳಲಿಲ್ಲ. ಗಾಡಿಯ ಸದ್ದಾದರೆ ಸಾಕು, ಬಾಗಿಲಿಗೆ ಬರುತ್ತಿದ್ದೆ.

ಶ್ರಾವಣದ ಎರಡನೇ ದಿನ ಮಧ್ಯಾಹ್ನ ಬಾಗಿಲಿಗೆ ಗಾಡಿ ಬಂತು. ಸೊಸೆಯನ್ನು ಕರೆದೊಯ್ಯಲು ಬರುವುದು ಗಂಡ, ಇಲ್ಲವೇ ಮೈದುನ. ಗಾಡಿಯಿಂದ ಇಳಿದವರು ಅತ್ತೆ. ಅಮ್ಮ ಗಾಬರಿಯಾಗಿ, "ಇದೇನು ಬೀಗ್ತಿ, ನೀವೇ ಬಂದ್ರಾ?" ಎಂದಳು. ಅತ್ತೆ ಅದಕ್ಕೆ ಉತ್ತರ ಕೊಡದೆ ನನ್ನ ಕೈ ಹಿಡಿದುಕೊಂಡರು.

"ಅವತ್ತು ನಾವಾಡಿದ್ದು ನಿಂಗೆ ಕೇಳಿಸ್ತು ಅಂತ ನಂಗೊತ್ತು ಕಣವ್ವ. ಬೀಸೋ ಕಲ್ಲು ಥಟ್ಟನೆ ನಿಂತುಹೋಯ್ತಲ್ಲ. ನಾನು ಅಕ್ಕಯ್ಯಂಗೆ ಅವತ್ತೇ ಬ್ಯಾಡ ಅನ್ನಬೇಕಾಗಿತ್ತು, ಅನ್ನಲಿಲ್ಲ. ಅದಕ್ಕೇ ನಾನೇ ಬಂದೆ. ನಡಿ, ನಮ್ಮನೆಗೆ ಹೋಗನ."

ಗಾಡಿಯಲ್ಲಿ ಅವರ ಪಕ್ಕದಲ್ಲಿ ಕೂತು ಬಂದೆ. ದಾರಿಯುದ್ದಕ್ಕೂ ಅವರು ಒಂದು ಸಲವೂ ಕೆಮ್ಮಲಿಲ್ಲ. ನಾನು ಮಾತ್ರ ದೊಡ್ಡಬಳ್ಳಾಪುರ ಬರುವ ತನಕ ಅಳುತ್ತಲೇ ಇದ್ದೆ. ಸೊಸೆಯ ಮುಂದೆ ತಪ್ಪು ಒಪ್ಪಿಕೊಳ್ಳಲು ಒಬ್ಬ ಅತ್ತೆ ಅಷ್ಟು ದೂರ ಬಂದದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ, ಕೇಳಲಿಲ್ಲ. ನನ್ನ ಕೈ ಹಿಡಿದ ಅವರ ಕೈ ಬೆಚ್ಚಗಿತ್ತು.