ಸಮುದ್ರದಲ್ಲಿ ಒಂದು ಸಾಸಿವೆ ಕಾಳು

ಹೇಳಿದರೆ ನೀವು ನಂಬುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಂಗಲಿಯ ಟೀವಿ ತಾತನ ಎಡಗೈಯನ್ನು ಅರ್ಧ ಊರು ಕಂಡೇ ಇರಲಿಲ್ಲ. ಅದು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ. ಟೀ ಕುಡಿಯುವಾಗ ಜೇಬಿನಲ್ಲಿ, ಬಸ್ಸು ಹತ್ತುವಾಗ ಜೇಬಿನಲ್ಲಿ, ದೇವಸ್ಥಾನದಲ್ಲಿ ಮಂಗಳಾರತಿ ಬಂದಾಗಲೂ ಜೇಬಿನಲ್ಲಿ. ಬಲಗೈ ಒಂದೇ ಮೇಲೆದ್ದು ದೇವರಿಗೆ ಅರ್ಧ ನಮಸ್ಕಾರ ಹಾಕಿ ಇಳಿಯುತ್ತಿತ್ತು. ಆ ಜೇಬಿನಲ್ಲಿ ಚಿನ್ನ ಇದೆ ಎಂದು ಎದುರಿನ ಪಂಕ್ಚರ್ ಅಂಗಡಿಯವನು ಹೇಳುತ್ತಿದ್ದ. ಕೈಯೇ ಇಲ್ಲ, ಇರುವುದು ಮರದ್ದು ಎಂದು ಏಳನೇ ಕ್ಲಾಸಿನಲ್ಲಿ ಇಡೀ ಶಾಲೆಗೆ ಹಬ್ಬಿಸಿದವಳು ನಾನು. ನನ್ನ ಬಾಯಿಗೆ ಬಂದ ಸುದ್ದಿ ಎರಡು ಸುತ್ತು ದಪ್ಪ ಆಗದೆ ಹೊರಗೆ ಹೋಗುವುದಿಲ್ಲ.

ತಾತನ ಅಂಗಡಿ ಹೈವೇ ಪಕ್ಕದಲ್ಲೇ ಇತ್ತು. ಒಳಗೆ ನಲವತ್ತು ಡಬ್ಬಾ ಟೀವಿಗಳು, ಒಂದರ ಮೇಲೊಂದು. ಗೋಡೆಗೆ ನೇತುಹಾಕುವ ತೆಳ್ಳನೆ ಟೀವಿಗಳು ಬಂದ ಮೇಲೆ ಜನ ರಿಪೇರಿಗೆ ಕೊಟ್ಟಿದ್ದನ್ನು ವಾಪಸ್ ಒಯ್ಯುವುದನ್ನೇ ಬಿಟ್ಟರು. ದಿನಕ್ಕೆ ಸಾವಿರ ಲಾರಿ ಆ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದವು. ಒಳಗೆ ಬರುತ್ತಿದ್ದದ್ದು ಅವುಗಳ ಧೂಳು ಮಾತ್ರ.

ನಾನು ಫಸ್ಟ್ ಪಿಯುಸಿಗೆ ಸೇರಿದ ಹೊಸತರಲ್ಲಿ ಅಮ್ಮ ಕೆಟ್ಟ ಮಿಕ್ಸಿ ಕೊಟ್ಟು ಕಳಿಸಿದಳು. ತಾತ ಒಂದೇ ಕೈಯಲ್ಲಿ ಅದನ್ನು ಬಿಚ್ಚಿದರು. ನನಗೆ ತಡೆಯಲಾಗಲಿಲ್ಲ.

"ತಾತ, ಇನ್ನೊಂದು ಕೈ ಎಲ್ಲಿಟ್ಟು ಮರ್ತ್ರಿ?"

"ಎರಡು ಕೈಲೂ ಮುಟ್ಟಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಹೋಗ್ತದೆ ಅಮ್ಮಾಯಿ. ಮಧ್ಯದಲ್ಲಿ ಏನೈತೆ?"

"ಶರ್ಟು."

"ಎದೆ ಐತಮ್ಮಾ." ನಗಲೇ ಇಲ್ಲ. "ಹೈ ಓಲ್ಟೇಜ್ ಹತ್ರ ಒಂದು ಕೈ ಜೇಬಲ್ಲೇ ಇರಬೇಕು. ನಮ್ಮ ಗುರು ಹೇಳ್ಕೊಟ್ಟಿದ್ದು. ಆಮೇಲೆ ಅದು ಅಲ್ಲೇ ಕೂತ್ಬಿಡ್ತು."

ನಾನು ಸೈನ್ಸ್ ಸ್ಟುಡೆಂಟು ಎಂದು ಜಂಬ ಹೊಡೆದೆ. ತಾತ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹಂಗಾದ್ರೆ ಮೈನ್ ಹತ್ರ ಕೂತ್ಕೋತೀಯಾ?" ಅವರು ಕೇಳಿದ ರೀತಿಗೆ, ಅದೇನೋ ದೊಡ್ಡ ಪದವಿ ಇರಬೇಕು ಅಂದುಕೊಂಡು ಹೂಂ ಅಂದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೆಡ್‌ಶೀಟ್ ಹೊದ್ದು ಏನೋ ನಿಂತಿತ್ತು. ದೆವ್ವ ಎಂದೇ ಎಣಿಸಿದೆ. ಬೆಡ್‌ಶೀಟ್ ತೆಗೆದರೆ ಒಂದು ಅಗಲವಾದ ಸ್ಟೀಲ್ ಪರಾತ. ಮೇಲೆ ತಂತಿಗೆ ಬೆಸುಗೆ ಹಾಕಿದ ಹೊಲಿಗೆ ಸೂಜಿಗಳು, ಮೊನೆ ಕೆಳಗೆ ಮಾಡಿ ಸಾಲಾಗಿ. ಸೂಜಿಗಳ ಹಿಂದೆ ಹಳೇ ಟೀವಿಯಿಂದ ಕಿತ್ತ ಒಂದು ಕಪ್ಪು ಗಟ್ಟಿ. ಮನೆ ಕರೆಂಟನ್ನು ತೆಗೆದುಕೊಂಡು ಸಾವಿರಾರು ಓಲ್ಟು ಮಾಡಿ ಪರದೆಗೆ ಕೊಡುತ್ತಿದ್ದದ್ದು ಅದೇ. ಎಲ್ಲದರ ಮೇಲೆ ಓರೆಯಾಗಿ ಒಂದು ಗಾಜು, ಗಾಜಿನ ತುದಿಗೆ ಒಂದು ಲೋಟ.

ತಾತ ಪರಾತಕ್ಕೆ ಉಪ್ಪುನೀರು ಸುರಿದು ಆನ್ ಮಾಡಿದರೆ ಎಣ್ಣೆಯಿಲ್ಲದ ಒಗ್ಗರಣೆಯ ಹಾಗೆ ಚುರ್ ಎಂಬ ಸದ್ದು. ಪ್ರತಿ ಸೂಜಿಯ ಕೆಳಗೂ ಉಪ್ಪುನೀರಿನ ಮೇಲೆ ಒಂದೊಂದು ಗುಳಿ ಬಿತ್ತು, ನಕ್ಕಾಗ ಕೆನ್ನೆಗೆ ಬೀಳುವಂಥದ್ದು. ಕಾಣದವರು ಯಾರೋ ಮೇಲಿನಿಂದ ಊದುತ್ತಿದ್ದ ಹಾಗೆ. ಸೂಜಿ ಮೊನೆಯಿಂದ ಹೊರಟ ಕರೆಂಟು ಗಾಳಿಯನ್ನೇ ತಳ್ಳುತ್ತದೆ, ಆ ಗಾಳಿಗೆ ನೀರು ಬೇಗ ಆವಿಯಾಗುತ್ತದೆ, ಆವಿ ಗಾಜಿಗೆ ತಾಗಿ ಹನಿಯಾಗಿ ಲೋಟಕ್ಕೆ ಇಳಿಯುತ್ತದೆ, ಉಪ್ಪು ಪರಾತದಲ್ಲೇ ಉಳಿಯುತ್ತದೆ. ತಾತ ಇಷ್ಟನ್ನು ವಿವರಿಸಿ ನನ್ನ ಮುಖ ನೋಡಿದರು. ಪಕ್ಕದಲ್ಲಿ ಸೂಜಿಯಿಲ್ಲದ ಇನ್ನೊಂದು ಪರಾತ. ಯಾವುದರ ನೀರು ಮೊದಲು ಇಳಿಯುತ್ತದೆ ಎಂದು ನೋಡಲು.

"ಬೋರ್‌ವೆಲ್ ಇನ್ನೆಷ್ಟು ಕೆಳಗೆ ಕೊರೀತಾರೆ? ಬರೋ ನೀರು ನಮ್ಮ ಹಲ್ಲೆಲ್ಲಾ ಹಳದಿ ಮಾಡಿ ಹೋಯ್ತು. ಸಮುದ್ರದ ನೀರನ್ನೇ ಹಿಂಗೆ ಕುಡಿಯೋ ಹಂಗೆ ಮಾಡಿದ್ರೆ ಯಾರೂ ಕೊರೆಯೋದೇ ಬೇಡ."

ಸಮುದ್ರ! ನಂಗಲಿಯಲ್ಲಿ ಕೂತು! ತಾತ ಸಮುದ್ರವನ್ನು ಕಂಡವರೂ ಅಲ್ಲ. ಬೋರ್ ನೀರಿಗೆ ಅಡಿಗೆ ಉಪ್ಪು ಕಲಸಿ ಅದನ್ನೇ ಸಮುದ್ರ ಅಂದುಕೊಂಡು ವರ್ಷಗಟ್ಟಲೆ ಓಡಿಸಿದ್ದರು. "ಇದ್ರಲ್ಲಿ ಗೆದ್ರೆ ಅಡಿಗೆ ಮನೇಲಿ ಗೆದ್ದಂಗೆ. ನಿಜವಾದ್ದು, ಆ ಸಮುದ್ರದ್ದೇ ನೀರು, ಒಂದ್ಸಲ ಒಪ್ಪಬೇಕು" ಎನ್ನುತ್ತಿದ್ದರು.

ಅವರದು ಇನ್ನೊಂದು ಕಟ್ಟಳೆ ಇತ್ತು. ಕೆಲಸಕ್ಕೆ ಒಬ್ಬರು, ಮೈನ್‌ಗೆ ಒಬ್ಬರು. ಒಬ್ಬರೇ ಇದ್ದಾಗ ಮಿಷಿನ್ ಹಾಕುವ ಹಾಗಿಲ್ಲ, ಏನಾದರೂ ಆದರೆ ಆರಿಸಲು ಇನ್ನೊಂದು ಜೀವ ಬೇಕು. ಗೋಡೆಯ ಮೈನ್ ಸ್ವಿಚ್ಚಿನ ಕೆಳಗೆ ಒಂದು ಮಣೆ ಇತ್ತು. ಅದರ ಮೇಲೆ ಕೂತು ಹುಣಸೇಹಣ್ಣು ಬಿಡಿಸುತ್ತಾ ತಾತನ ಹೆಂಡತಿ, ಅಜ್ಜಿ, ಮೂವತ್ತು ವರ್ಷ ಮೈನ್ ಕಾದಿದ್ದರಂತೆ. ಅಜ್ಜಿ ತೀರಿಹೋಗಿ ಎರಡು ವರ್ಷ. ಅಂದಿನಿಂದ ಆ ಬೆಡ್‌ಶೀಟ್ ತೆಗೆದಿರಲಿಲ್ಲ.

"ಎರಡು ವರ್ಷ ಯಾರೂ ಸಿಗ್ಲಿಲ್ವಾ ತಾತ?"

"ಕೇಳ್ದೆ. ಎಲ್ರೂ ಬಿಜಿ."

ಹಾಗೆ ನಾನು ಟ್ಯೂಷನ್‌ಗೆ ಚಕ್ಕರ್ ಹಾಕಿ ಮಣೆಯ ಮೇಲೆ ಕೂತೆ. ಒಂದು ಸಂಜೆಗೆ ಲೋಟದ ತಳದಲ್ಲಿ ಒಂದು ಚಮಚ ನೀರು. ತಾತ ಅದರಲ್ಲೂ ನನಗೆ ಪಾಲು ಕೊಡುತ್ತಿದ್ದರು.

"ಹೆಂಗೈತೆ?"

"ಚಪ್ಪೆ ತಾತ. ಏನೂ ರುಚಿ ಇಲ್ಲ."

"ಅದೇ ಮತ್ತೆ! ಅದೇ ಬೇಕಾಗಿದ್ದು!"

ಹೊರಡುವಾಗ "ಆಫ್ ಮಾಡಿ ಹೋಗು" ಎನ್ನುತ್ತಿದ್ದರು. ನಾನು ಆರಿಸಿದ ತಕ್ಷಣ ಬೆಡ್‌ಶೀಟ್ ಹೊದಿಸಿ, ಮುಂದಿನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ರಸ್ತೆಯಿಂದ ತಿರುಗಿ ನೋಡಿದರೆ ನಲವತ್ತು ಕಪ್ಪು ಪರದೆಗಳಲ್ಲೂ ಒಬ್ಬೊಬ್ಬ ಪುಟ್ಟ ತಾತ. ನಲವತ್ತು ಜನ ಇದ್ದರೂ ಒಬ್ಬರೂ ಇನ್ನೊಬ್ಬರ ಜೊತೆ ಮಾತಾಡುತ್ತಿರಲಿಲ್ಲ. ಇದೊಂದನ್ನು ನಾನು ಉಬ್ಬಿಸಿಲ್ಲ.

ಕಾಲೇಜಿನಿಂದ ಚೆನ್ನೈಗೆ ಟೂರ್ ಹೊರಟಾಗ ಜಂಬದಲ್ಲಿ ಹೇಳಿಬಿಟ್ಟೆ: "ನಿಮಗೆ ಸಮುದ್ರಾನೇ ತಂದ್ಕೊಡ್ತೀನಿ ಹೋಗಿ ತಾತ!" ತಂದೆ ಕೂಡ. ಮೊಣಕಾಲು ಒದ್ದೆ ಮಾಡಿಕೊಂಡು ದೊಡ್ಡ ಬಾಟಲಿಗೆ ತುಂಬಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಗೆಳತಿ, ಚಿಲ್ಲಿ ಚಿಪ್ಸ್ ತಿಂದು ಖಾರ ಹತ್ತಿದವಳು, ಕುಡಿಯುವ ನೀರೆಂದು ಅದನ್ನೇ ಎತ್ತಿ ಗಟಗಟ ಕುಡಿದಳು. ಆಮೇಲೆ ಅವಳು ಕಿರುಚಿದ್ದಕ್ಕೆ ಡ್ರೈವರ್ ಬಸ್ಸು ನಿಲ್ಲಿಸಿದ, ಹಿಂದಿನ ಎರಡು ಲಾರಿಯೂ ನಿಂತವು. ಬಾಟಲಿ ಕಿಟಕಿಯಿಂದ ಹೊರಗೆ ಹಾರಿತು.

ಬರಿಗೈಯಲ್ಲಿ ಹೋಗುವುದು ಹೇಗೆ? ಮನೆಯಲ್ಲಿ ಇನ್ನೊಂದು ಬಾಟಲಿಗೆ ಬೋರ್ ನೀರು ತುಂಬಿ, ಅಮ್ಮನ ಅಡಿಗೆ ಮನೆಯ ಉಪ್ಪನ್ನು ಹಿಡಿ ಹಿಡಿ ಸುರಿದು ಕಲಕಿದೆ. ಮಾರನೇ ದಿನ ಅದನ್ನು ತಾತನ ಮುಂದೆ ಚಾಚಿದೆ.

ತಾತನ ಎಡಗೈ ಜೇಬಿನಿಂದ ಹೊರಗೆ ಬಂತು. ಬಿಸಿಲು ಕಾಣದ ಕೈ, ಬಲಗೈಗಿಂತ ಬೆಳ್ಳಗೆ, ಬೇರೆ ಯಾರದೋ ಕೈಯಿದ್ದ ಹಾಗೆ. ಮಂಗಳಾರತಿಗೂ ಬಾರದ ಕೈ. ಎರಡೂ ಕೈಯಲ್ಲಿ ಆ ಬಾಟಲಿಯನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದರು. "ಇಷ್ಟು ದೂರ ಬಂದ್ಬಿಟ್ಯಾ" ಎಂದು ನೀರಿಗೇ ಹೇಳಿದರು.

ಐದು ಸಂಜೆ ಓಡಿಸಿದೆವು. ಐದನೆಯ ಸಂಜೆ ಪರಾತ ಒಣಗಿ ಬಿಳಿ ಉಪ್ಪು ಉಳಿಯಿತು. ತಾತ ಬೆರಳಿನಲ್ಲಿ ಉಪ್ಪು ಕೆರೆಯುತ್ತಾ ಕೆರೆಯುತ್ತಾ ಒಂದು ಕಡೆ ಬೆರಳು ನಿಲ್ಲಿಸಿದರು. ನಾನೂ ಬಗ್ಗಿ ನೋಡಿದೆ. ಉಪ್ಪಿನ ನಡುವೆ ಒಂದು ಸಾಸಿವೆ ಕಾಳು.

ಮಿಷಿನ್ ಆಫ್ ಆಗಿತ್ತು, ಆದರೂ ನನಗೆ ಶಾಕ್ ಹೊಡೆಯಿತು. ತಾತ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದರು.

"ಸಮುದ್ರ ಅಂದ್ರೆ ಎಲ್ಲಾ ನದೀನೂ ಹೋಗಿ ಸೇರ್ತವೆ ಅಮ್ಮಾಯಿ. ಯಾರ್ದೋ ಮನೆ ಅಡಿಗೆ ಮನೇದೂ ಸೇರಿರ್ತದೆ."

ಅಷ್ಟೇ. ಬೈಯಲಿಲ್ಲ. ಬೆಡ್‌ಶೀಟ್ ಹೊದಿಸಿದರು. "ನಾಳೆ ಬರ್ತೀಯಲ್ಲಾ?" ಎಂದು ಕೇಳಿದರು. ಕೈ ಮತ್ತೆ ಜೇಬಿಗೆ ಹೋಗಿತ್ತು.

ಮಾರನೇ ದಿನ ಈ ಸಾಸಿವೆ ಕಥೆಯನ್ನು ಕಾಲೇಜಿನಲ್ಲಿ ಮೂರು ಸಲ ಹೇಳಿ ನಗಿಸಿದೆ. ನಾಲ್ಕನೇ ಸಲ ಹೇಳಲು ಹೋದರೆ ಬಾಯಿ ಬರಲಿಲ್ಲ. ಆ ಸಂಜೆ ಅಂಗಡಿಗೂ ಹೋಗಲಿಲ್ಲ. ಟೆಸ್ಟ್ ಇದೆ ಎಂದು ನನಗೇ ನಾನು ಹೇಳಿಕೊಂಡೆ. ಬಸ್ಸಿಳಿದು ರಸ್ತೆಯ ಆಚೆ ಬದಿಯಲ್ಲೇ ನಡೆದು ಮನೆಗೆ ಬರತೊಡಗಿದೆ. ತಾತ ಕುರ್ಚಿಯಿಂದ ರಸ್ತೆ ನೋಡುತ್ತಿರುವುದು ಲಾರಿಗಳ ಸಂದಿಯಲ್ಲಿ ಕಾಣುತ್ತಿತ್ತು. ನಾನು ಲಾರಿಯ ಮರೆ ಹಿಡಿಯುತ್ತಿದ್ದೆ. ಹೀಗೆ ಹನ್ನೆರಡು ದಿನ.

ಆದರೆ ಒಂದು ಕೆಲಸ ಮಾಡಿದ್ದೆ. ಚೆನ್ನೈಗೆ ಟೊಮೇಟೊ ಲೋಡ್ ಹೊಡೆಯುವ ನಮ್ಮ ಮಾವನ ಕಾಲು ಹಿಡಿದಿದ್ದೆ. "ಏನೇ, ಸಮುದ್ರದ ನೀರಾ? ಉಪ್ಪಿನಕಾಯಿ ಹಾಕ್ತೀಯಾ?" ಎಂದು ಆಡಿಕೊಂಡರೂ ಮಾವ ಭಾನುವಾರ ಬೆಳಿಗ್ಗೆ ಐದು ಲೀಟರ್ ಕ್ಯಾನ್ ತಂದು ಬಾಗಿಲಲ್ಲಿಟ್ಟು ಹೋದ. ಮುಚ್ಚಳ ತೆಗೆದು ನೆಕ್ಕಿ ನೋಡಿದೆ. ಕಹಿ. ತಳದಲ್ಲಿ ಮರಳು. ಸಾಸಿವೆ ಇಲ್ಲ.

ಕನ್ನಡಿಯ ಮುಂದೆ ನಿಂತು ತಾಲೀಮು ಶುರು ಮಾಡಿದೆ. ಮೊದಲು ಸಿನಿಮಾ ಥರ: "ತಾತಾ, ನಾನು ಪಾಪಿ!" ಚೆನ್ನಾಗಿಲ್ಲ. ಆಮೇಲೆ ಲಾಯರ್ ಥರ: "ತಾತ, ಆ ಬಾಟಲಿಯ ವಿಷಯದಲ್ಲಿ ಒಂದು ತಿದ್ದುಪಡಿ ಇದೆ." ಅದಕ್ಕೆ ನನಗೇ ನಗು ಬಂತು. ಕೊನೆಗೆ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ತಾತ, ಇದು ನಿಜವಾದ್ದು" ಅಂದೆ. ಇದು ಸರಿ ಹೋಯಿತು. ಇನ್ನೊಂದು ಸಲ ಹೇಳಲು ಬಾಯಿ ತೆರೆದೆ.

ಕನ್ನಡಿಯಲ್ಲಿ, ನನ್ನ ಹಿಂದೆ, ಅಮ್ಮ ಬಂದು ನಿಂತಿದ್ದಳು. ಸೆರಗಿಗೆ ಕೈ ಒರೆಸುತ್ತಲೇ ಇದ್ದಳು.

"ಟೀವಿ ತಾತ ಹೋಗ್ಬಿಟ್ರಂತೆ ಕಣೇ."

"ಮಿಷಿನ್ ಹಾಕಿದ್ರಾ?" ಅಂದೆ.

"ಯಾವ ಮಿಷಿನ್ನೇ? ಇಲ್ಲಮ್ಮಾ, ಮೈನ್ ಆಫಾಗೇ ಇತ್ತಂತೆ. ಕುರ್ಚೀಲಿ ಕೂತಂಗೇ ಇದ್ರಂತೆ, ರಸ್ತೆ ಕಡೆ ಮುಖ ಮಾಡ್ಕೊಂಡು. ಪಂಕ್ಚರ್ ಅಂಗಡಿಯವನು ಟೀ ಕೊಡೋಕೆ ಹೋಗಿ ನೋಡಿದ್ದು. ಹಿಂದ್ಗಡೆ ಕೋಣೇಲಿ ಪರಾತ ಎಲ್ಲಾ ತೊಳ್ದು, ಮೈನ್ ಕೆಳಗೆ ಒಂದು ಮಣೆ ಒರೆಸಿ ಹಾಕಿಟ್ಟಿದ್ರಂತೆ. ಯಾರು ಬರೋರಿದ್ರೋ ಏನೋ."